ಬೆನ್ನ ಹಿಂದೆ ಎರಡು ನಿಮಿಷ

ಆಗಸ್ಟ್ 12, 1981

ಎಮಿಲ್,

ಫೋನ್ ಮಾಡೋದು ನಿಲ್ಲಿಸು. ಮೂರು ಸಲ ಮಾಡಿದೆಯಂತೆ, ಡೊರೀನ್ ಹೇಳಿದಳು. ನಿನ್ನ ದನಿ ಕೇಳಿದರೆ ನಾನು ಫೋನ್ ಕಿತ್ತು ಗೋಡೆಗೆ ಎಸೀತೀನಿ, ಇನ್ನೊಂದು ತರೋಕೆ ಈಗ ನನಗೆ ಕೆಲಸ ಇಲ್ಲ. ಅದಕ್ಕೇ ಈ ಕಾಗದ. ನಾಲ್ಕು ಬೀದಿ ಆಚೆ ಇರೋನಿಗೆ ಅಂಚೆಯಲ್ಲಿ ಕಾಗದ ಹಾಕ್ತಿದ್ದೀನಿ. ಅಂಚೆಯವನು ನಗಲಿ.

ವಜಾ ಮಾಡಿದ ಕಾಗದ ನಿನ್ನೆ ಬಂತು. ಒಂದೇ ಪುಟ. ಸರ್ಕಾರದ ವಿರುದ್ಧ ಮುಷ್ಕರ ಮಾಡಿದ್ದಕ್ಕೆ ಆಗಸ್ಟ್ ಏಳರಿಂದ ಕೆಲಸವಿಲ್ಲ, ಇನ್ನು ಬದುಕಿರೋವರೆಗೂ ಯಾವ ವಿಮಾನ ನಿಲ್ದಾಣದ ಟವರನ್ನೂ ಹತ್ತಿ ವಿಮಾನಗಳಿಗೆ ದಾರಿ ಹೇಳೋ ಹಾಗಿಲ್ಲ. ದೇಶದಲ್ಲಿ ಹನ್ನೊಂದು ಸಾವಿರ ಮನೆಗೆ ಇದೇ ಕಾಗದ ಹೋಗಿದೆ. ನಿನ್ನ ಮನೆಗೆ ಮಾತ್ರ ಬಂದಿಲ್ಲ, ಅಲ್ವಾ?

ಆ ಶನಿವಾರ ಯೂನಿಯನ್ ಹಾಲಿನಲ್ಲಿ ಮುಷ್ಕರಕ್ಕೆ ಕೈ ಎತ್ತಿದವರಲ್ಲಿ ನಿನ್ನ ಕೈ ನನ್ನ ಕೈ ಪಕ್ಕದಲ್ಲೇ ಇತ್ತು. ವಾರಕ್ಕೆ ಆರು ದಿನ ಕೆಲಸ, ಹಳೇ ಯಂತ್ರ, ಜನ ಸಾಲದು, ಹೀಗೇ ಬಿಟ್ಟರೆ ಒಂದಿನ ಆಕಾಶದಲ್ಲಿ ಹೆಣ ಬೀಳುತ್ತೆ ಅಂತ ಎದ್ದು ನಿಂತು ಭಾಷಣ ಮಾಡಿದವನು ನೀನು. ಸಂಬಳಕ್ಕೋಸ್ಕರ ಅಂತ ಪೇಪರಿನವರು ಬರೆದರು. ಸಂಬಳಕ್ಕೂ ಹೌದು, ನಾನು ಸುಳ್ಳು ಹೇಳಲ್ಲ. ಆದರೆ ನೀನು ಅವತ್ತು ಮಾತಾಡಿದ್ದು ಸಂಬಳದ ಬಗ್ಗೆ ಅಲ್ಲ.

ಮುಷ್ಕರ ಶುರುವಾದ ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ವಿಲ್ಕಾಕ್ಸ್ ಫೀಲ್ಡ್ ವಿಮಾನ ನಿಲ್ದಾಣದ ಗೇಟಿನ ಹತ್ತಿರ ನಿಂತಿದ್ದೆ. ಒಂದು ಕೈಯಲ್ಲಿ ಫಲಕ, ಇನ್ನೊಂದರಲ್ಲಿ ನಿನಗೂ ಸೇರಿಸಿ ಕಾಫಿ ತುಂಬಿಸಿದ ಫ್ಲಾಸ್ಕು. ಒಂಬತ್ತು ವರ್ಷ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋದವರು ನಾವು. ಅವತ್ತು ಮಾತ್ರ ನೀನು 'ನಾನೇ ಬರ್ತೀನಿ ಬಿಡು' ಅಂದಿದ್ದೆ. ಬಂದೆ, ಕಿಟಕಿ ಗಾಜು ಏರಿಸಿಕೊಂಡು. ಆ ಸೆಖೆಯಲ್ಲಿ, ಆ ನಿನ್ನ ಹಸಿರು ಡಬ್ಬದಲ್ಲಿ, ಬೆವರು ಸುರಿಸ್ಕೊಂಡು, ನೆಟ್ಟಗೆ ಮುಂದೆ ನೋಡ್ತಾ ಒಳಗೆ ಹೋದೆಯಲ್ಲೋ! ನಾನು ಕೈ ಬೀಸಿದೆ. ಮರೆತಿದ್ದೀಯೇನೋ, ಈ ಕಡೆ ತಿರುಗ್ತೀಯೇನೋ ಅಂತ ಮಂಗನ ಹಾಗೆ ಕೈ ಬೀಸಿದೆ.

ಟವರಿನಲ್ಲಿ ನಮ್ಮ ಪದ್ಧತಿ ನಿನಗೆ ನಾನು ಹೇಳಬೇಕಾ? ಸರದಿ ಮುಗಿದು ಕುರ್ಚಿ ಬಿಟ್ಟವನು ಹಾಗೇ ಎದ್ದು ಹೋಗೋ ಹಾಗಿಲ್ಲ. ಹೊಸದಾಗಿ ಕೂತವನ ಬೆನ್ನ ಹಿಂದೆ, ಕುರ್ಚಿ ಮೇಲೆ ಕೈ ಇಟ್ಟು, ಎರಡು ನಿಮಿಷ ನಿಲ್ಲಬೇಕು. ಯಾವ ವಿಮಾನ ಎಲ್ಲಿದೆ ಅನ್ನೋದು ಅವನ ತಲೆಗೆ ಕೂರೋವರೆಗೂ. ಹದಿಮೂರು ವರ್ಷದಲ್ಲಿ ಒಂದು ದಿನ ನಾನು ನಿನ್ನ ಬೆನ್ನ ಹಿಂದೆ ನಿಲ್ಲದೆ ಹೋಗಿದ್ದೀನಾ ಹೇಳು. ಹಲ್ಲುನೋವಲ್ಲೂ ನಿಂತಿದ್ದೀನಿ. ಡೊರೀನ್ ಹೆರಿಗೆ ದಿನಾನೂ ನಿಂತಿದ್ದೀನಿ. ನಿನಗೆ ಒಂದು ಸೋಮವಾರ ನನ್ನ ಪಕ್ಕ ನಿಲ್ಲೋಕೆ ಆಗಲಿಲ್ಲ.

ಟವರಿನ ಪುಸ್ತಕದಲ್ಲಿ ನೀನು ಇ.ಕೆ., ನಾನು ಎಲ್.ಟಿ. ಎರಡೆರಡೇ ಅಕ್ಷರ, ಕೂತ ಕುರ್ಚಿಯ ಎದುರು ಬರೆದರೆ ಆ ಕುರ್ಚಿಗೆ ನಾವು ಜವಾಬ್ದಾರಿ. ನನ್ನ ಎರಡಕ್ಷರ ಪಟ್ಟಿಯಿಂದ ತೆಗೆದು ಹಾಕಿದರಂತೆ. ಹಾಗಾಗಿ ಪೂರ್ತಿ ಹೆಸರು ಬರೀತೀನಿ.

ಲಾಯ್ಡ್ ಟಿಂಡಲ್

---

ಸೆಪ್ಟೆಂಬರ್ 6, 1981

ಲಾಯ್ಡ್,

ಬೈದದ್ದು ಸಾಕಾಗಿದ್ದರೆ ನನ್ನ ಮಾತೂ ಸ್ವಲ್ಪ ಕೇಳು.

ಕೆಲಸಕ್ಕೆ ಸೇರೋವಾಗ ಮುಷ್ಕರ ಮಾಡಲ್ಲ ಅಂತ ನಾವಿಬ್ಬರೂ ಕೈ ಎತ್ತಿ ಪ್ರಮಾಣ ಮಾಡಿದ್ದೆವು. ಅದೂ ಕೈಯೇ. ನನಗೆ ನಲವತ್ತೆಂಟು, ಪಿಂಚಣಿಗೆ ಇನ್ನೆರಡು ವರ್ಷ. ನಿನಗಿನ್ನೂ ನಲವತ್ತೊಂದು, ಬೇರೆ ಏನಾದರೂ ಮಾಡ್ಕೋಬಹುದು. ದೇಶದ ಅಧ್ಯಕ್ಷರು ಕೆಲಸಕ್ಕೆ ಮರಳೋಕೆ ನಲವತ್ತೆಂಟು ಗಂಟೆ ಗಡುವು ಕೊಟ್ಟಿದ್ದರು. ನೀನೂ ವಾಪಸ್ ಬರಬಹುದಿತ್ತು. ಬುಧವಾರ ಮಧ್ಯಾಹ್ನದವರೆಗೂ ಮೇಲಿಂದ ಗೇಟ್ ಕಡೆ ನೋಡ್ತಾನೇ ಇದ್ದೆ, ಬರ್ತೀಯೇನೋ ಅಂತ.

ಇಲ್ಲಿ ಇಪ್ಪತ್ತೆರಡು ಜನ ಇದ್ದೆವು. ಈಗ ಏಳು. ಅದರಲ್ಲಿ ನಮ್ಮ ಮುಖ್ಯಸ್ಥ ಹ್ಯಾಸ್ಕೆಲ್ ಒಬ್ಬ, ಅವನು ಕೊನೇ ಸಲ ಕುರ್ಚಿಯಲ್ಲಿ ಕೂತು ಎಂಟು ವರ್ಷ ಆಯ್ತು. ಸೈನ್ಯದಿಂದ ಇಬ್ಬರು ಬಂದಿದ್ದಾರೆ, ನಮ್ಮೂರಿನ ರನ್‌ವೇ ಯಾವ ಕಡೆ ತಿರುಗಿದೆ ಅಂತ ಇನ್ನೂ ಕಲೀತಿದ್ದಾರೆ. ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಆರು ದಿನ. ಊಟ ಕುರ್ಚಿಯಲ್ಲೇ. ಇದನ್ನ ನೀನು ಖುಷಿಪಡಲಿ ಅಂತ ಬರೀತಿಲ್ಲ.

ಕಳೆದ ಮಂಗಳವಾರ ನಮ್ಮ ಗ್ಯಾರೇಜಿನ ಬಾಗಿಲಿಗೆ ಯಾರೋ ಕೆಂಪು ಬಣ್ಣದಲ್ಲಿ 'ದ್ರೋಹಿ' ಅಂತ ಬರೆದು ಹೋಗಿದ್ದಾರೆ. ನನ್ನನ್ನ ಕಟ್ಟಿಕೊಂಡ ತಪ್ಪಿಗೆ ರೋಸ್‌ಮೇರಿ ಸೀಮೆಎಣ್ಣೆ ಹಾಕಿ ತಿಕ್ಕಿ ತಿಕ್ಕಿ ಅಳ್ತಾ ಕೂತಿದ್ದಳು. ಅದು ನೀನಲ್ಲ ಅಂತ ಅವಳಿಗೆ ಹೇಳಿದ್ದೀನಿ. ನೀನಲ್ಲ ತಾನೆ?

ಕ್ರಿಸ್‌ಮಸ್ ಹೊತ್ತಿಗೆ ನಿಮ್ಮನ್ನೆಲ್ಲ ವಾಪಸ್ ಕರೀತಾರೆ. ಕರೀಲೇಬೇಕು. ಹೀಗೆ ನಡೆಸೋಕೆ ಆಗಲ್ಲ.

ನಿನ್ನ ಸ್ನೇಹಿತ, ನೀನು ಏನಾದರೂ ಅಂದ್ಕೋ,
ಎಮಿಲ್

---

ನವೆಂಬರ್ 3, 1981

ಎಮಿಲ್ ಕುಬಿಚೆಕ್ ಅವರಿಗೆ,

ನಾನಲ್ಲ. ನಾನಾಗಿದ್ದರೆ ಹಟ್ಟಹಗಲಲ್ಲಿ ಏಣಿ ತಂದು, ಬಾಗಿಲು ತಟ್ಟಿ, ನಿನ್ನ ಎದುರೇ ಬಳೀತಿದ್ದೆ. ರೋಸ್‌ಮೇರಿಗೆ ಹೇಳು, ತಿಕ್ಕಬೇಕಾದವಳು ಅವಳಲ್ಲ ಅಂತ.

ನಮ್ಮ ಯೂನಿಯನ್ನೇ ಇಲ್ಲವಾಯ್ತು, ಪೇಪರಿನಲ್ಲಿ ಓದಿರಬೇಕು. ಕ್ರಿಸ್‌ಮಸ್‌ಗೆ ವಾಪಸ್ ಕರೀತಾರೆ ಅಂದೆಯಲ್ಲ, ಆ ಮಾತಿಗೆ ನಾನೂ ಡೊರೀನೂ ಹೊಟ್ಟೆ ತುಂಬ ನಕ್ಕೆವು. ನಮ್ಮನ್ನ ಅಂಚೆ ಇಲಾಖೆಯಲ್ಲಿ ಅಂಚೆಚೀಟಿ ಮಾರೋಕೂ ತಗೊಳ್ಳಲ್ಲ.

ನನಗೆ ಕೆಲಸ ಸಿಕ್ಕಿದೆ. ಇಪ್ಪತ್ತು ಮೈಲಿ ಆಚೆ ಟರ್ಕಿ ಕೋಳಿ ಕಾರ್ಖಾನೆ. ಕೊಕ್ಕೆಗೆ ನೇತುಹಾಕಿದ ಕೋಳಿಗಳು ಒಂದರ ಹಿಂದೆ ಒಂದು ಬರ್ತವೆ, ನಾನು ಹೊಟ್ಟೆ ಬಗೆದು ಕರುಳು ತೆಗೀತೀನಿ. ನಿಮಿಷಕ್ಕೆ ಹದಿನಾರು. ಮೊದಲ ದಿನವೇ ಮೇಸ್ತ್ರಿ ಕೇಳಿದ, 'ಏನಯ್ಯಾ, ನಿನ್ನ ಕಣ್ಣು ಯಾಕೆ ಯಾವಾಗಲೂ ಎರಡು ಕೋಳಿ ಹಿಂದೆ ಬರೋದನ್ನೇ ನೋಡುತ್ತೆ?' ನಾನೇನು ಹೇಳಲಿ? ಮುಂದೆ ಬರೋದರ ಮೇಲೆ ಕಣ್ಣಿಡೋದು ಅಭ್ಯಾಸ ಅಂದೆ.

ಮೊನ್ನೆ ಟೀವಿಯಲ್ಲಿ ಯಾರೋ ದೊಡ್ಡ ಮನುಷ್ಯ ಟೈ ಸರಿಮಾಡ್ಕೊಂಡು ಹೇಳ್ತಿದ್ದ, ಆಕಾಶ ಮೊದಲಿಗಿಂತ ಸುರಕ್ಷಿತವಾಗಿದೆಯಂತೆ. ಹನ್ನೊಂದು ಸಾವಿರ ಜನರನ್ನ ಓಡಿಸಿದ ಮೇಲೆ ಸುರಕ್ಷಿತ ಆಯ್ತಂತೆ! ಹಾಗಿದ್ದರೆ ನಿಮ್ಮ ಏಳು ಜನರನ್ನೂ ಓಡಿಸಿಬಿಟ್ಟರೆ ಪೂರ್ತಿ ಸುರಕ್ಷಿತ ಆಗುತ್ತಲ್ಲ. ಎಮಿಲ್, ಆ ಟೀವಿಯವನು ಸುಳ್ಳು ಹೇಳ್ತಿಲ್ಲ, ಅವನಿಗೆ ಯಾರೋ ಹಾಳೆ ಬರೆದು ಕೊಡ್ತಿದ್ದಾರೆ. ಆ ಹಾಳೆ ಬರೆಯೋನು ನಿಮ್ಮಂಥ ಟವರಿನಲ್ಲೇ ಕೂತಿದ್ದಾನೆ.

ಇನ್ನು ಕಾಗದ ಹಾಕಬೇಡ.

ಲಾಯ್ಡ್ ಟಿಂಡಲ್

---

ಫೆಬ್ರವರಿ 11, 1982

ಲಾಯ್ಡ್,

ಹಾಕಬೇಡ ಅಂದಿದ್ದೆ. ಬೇರೆ ಯಾರಿಗೂ ಹೇಳೋಕೆ ಆಗ್ತಿಲ್ಲ, ರೋಸ್‌ಮೇರಿಗೂ. ಹರಿದು ಹಾಕೋ ಮುಂಚೆ ಒಂದು ಸಲ ಓದು.

ಮೊನ್ನೆ ಮಂಗಳವಾರ, ಒಂಬತ್ತನೇ ತಾರೀಕು, ಮಧ್ಯಾಹ್ನ ಮೂರೂನಲವತ್ತು. ಹಿಮ ಬೀಳ್ತಿತ್ತು, ರನ್‌ವೇಯ ಆ ತುದಿ ಕಾಣ್ತಿರಲಿಲ್ಲ. ಮೇಲೆ ನಾನೊಬ್ಬನೇ. ಇಳಿಸೋದು ಏರಿಸೋದು, ನೆಲದ ಮೇಲೆ ಓಡಾಡಿಸೋದು, ಪೈಲಟ್‌ಗೆ ದಾರಿ ಓದಿ ಹೇಳೋದು, ಪಕ್ಕದ ಕೇಂದ್ರದ ಜೊತೆ ಮಾತು, ನಾಲ್ಕು ಕುರ್ಚಿಯ ಕೆಲಸವೂ ನನ್ನೊಬ್ಬನ ಕಿವಿಗೆ. ಒಂದು ಚಿಕ್ಕ ಸರಕು ವಿಮಾನವನ್ನ ರನ್‌ವೇ ಮೇಲೆ ತಂದು ನಿಲ್ಲಿಸಿದ್ದೆ. ಹಿಮ ತಳ್ಳೋ ಗಾಡಿ ಆ ಕಡೆ ದಾಟಬೇಕಿತ್ತು, ಆಮೇಲೆ ಹಾರಿಸೋಣ ಅಂತ.

ರನ್‌ವೇ ಮೇಲೆ ವಿಮಾನ ನಿಂತಿದ್ದರೆ ಅದರ ಹೆಸರಿನ ಕಾಗದದ ಪಟ್ಟಿಯನ್ನ ಓರೆಯಾಗಿ ತಿರುಗಿಸಿ ಇಡಬೇಕು. ಕಣ್ಣಿಗೆ ಚುಚ್ಚಬೇಕು, ಮರೀಬಾರದು. ಇದನ್ನ ನನಗೆ ಕಲಿಸಿದವನು ನೀನು. ಕೈ ಪಟ್ಟಿಯ ಕಡೆಗೇ ಹೋಗ್ತಿತ್ತು, ಕೆಳಗಿಂದ ಹ್ಯಾಸ್ಕೆಲ್ ಫೋನ್ ಮಾಡಿದ. ಆ ಕೈಯಲ್ಲಿ ಫೋನ್ ಎತ್ತಿದೆ.

'ಎಮಿಲ್, ಮೇಲಿನ ಕಚೇರಿಯವರು ನಾಲ್ಕು ಗಂಟೆಯೊಳಗೆ ಲೆಕ್ಕ ಕೇಳ್ತಿದ್ದಾರೆ. ಈಗ ಅಲ್ಲಿ ಎಷ್ಟು ಜನ ಇದ್ದೀರಿ?'

'ನಾನೊಬ್ಬನೇ ಸಾರ್.'

'ಅಯ್ಯೋ ಹಾಗಲ್ಲಪ್ಪಾ, ಅಧಿಕೃತವಾಗಿ ಎಷ್ಟು?'

ಅಷ್ಟರಲ್ಲಿ ಇಳಿಯೋಕೆ ಬರ್ತಿದ್ದ ವಿಮಾನದಿಂದ ಕರೆ ಬಂತು. ಎಂಬತ್ತಮೂರು ಜನ ಅದರೊಳಗೆ. ಫೋನನ್ನ ಹೆಗಲಿಗೆ ಒತ್ತಿಕೊಂಡು 'ಇಳಿಯಬಹುದು' ಅಂದುಬಿಟ್ಟೆ. ಅದೇ ರನ್‌ವೇಗೆ. ಪಟ್ಟಿ ನೆಟ್ಟಗೇ ಇತ್ತು, ಲಾಯ್ಡ್. ನನ್ನ ಕಣ್ಣಿಗೆ ಏನೂ ಚುಚ್ಚಲಿಲ್ಲ.

ಹ್ಯಾಸ್ಕೆಲ್ ಇನ್ನೂ ಮಾತಾಡ್ತಾನೇ ಇದ್ದ. ಆಗ ಆ ಸರಕು ವಿಮಾನದವನು, ಪುಣ್ಯಾತ್ಮ, ಮೆಲ್ಲಗೆ ಕೇಳಿದ: 'ಟವರ್, ನಾವಿನ್ನೂ ರನ್‌ವೇ ಮೇಲೇ ನಿಂತಿದ್ದೀವಿ, ನೆನಪಿದೆ ತಾನೆ?' ನನ್ನ ಬಾಯಿಂದ ಮಾತು ಹೊರಡೋ ಮುಂಚೆ ಇಳೀತಿದ್ದ ಪೈಲಟ್‌ಗೆ ಅದು ಕೇಳಿಸಿತ್ತು. ಅವನೇ ವಿಮಾನದ ಮೂತಿ ಎತ್ತಿದ. ನೆತ್ತಿ ಮೇಲೆ ನೂರು ಅಡಿಯಲ್ಲಿ ದಾಟಿತಂತೆ. ಸರಕು ವಿಮಾನದ ರೆಕ್ಕೆ ಮೇಲಿನ ಹಿಮವೆಲ್ಲ ಹಾರಿಹೋಯ್ತಂತೆ. ನನಗೆ ಹಿಮ ಬಿಟ್ಟು ಏನೂ ಕಾಣಲಿಲ್ಲ. ಬರೀ ಸದ್ದು.

ಬೆನ್ನ ಹಿಂದೆ ಯಾರಾದರೂ ಒಬ್ಬರು ನಿಂತಿದ್ದರೆ ಸಾಕಿತ್ತು. ಒಬ್ಬರೇ ಒಬ್ಬರು. ತಿರುಗಿ ನೋಡಿದೆ ಕೂಡ. ಗೋಡೆ ಗಡಿಯಾರ ಇತ್ತು.

ಐದು ಗಂಟೆಗೆ ಹ್ಯಾಸ್ಕೆಲ್ ಮೇಲೆ ಬಂದ. 'ನೋಡು, ಗಮನ ತಪ್ಪಿತು ಅಂತ ಬರೆದು ಸಹಿ ಹಾಕು. ಎರಡು ವಾರ ಮನೆಯಲ್ಲಿರು, ಆಮೇಲೆ ಎಲ್ಲ ಸರಿಹೋಗುತ್ತೆ. ಜನ ಸಾಲದು ಅಂತ ಮಾತ್ರ ತೆಗೀಬೇಡ. ಇವತ್ತಿನ ಪಾಳಿಯ ಹಾಳೆಯಲ್ಲಿ ನಾಲ್ಕು ಜನ ಇದ್ದಾರೆ.'

ಹಾಳೆ ತೋರಿಸಿದ. ಮೊದಲ ಕುರ್ಚಿಗೆ ನಾನು. ಇನ್ನೊಂದಕ್ಕೆ ಹ್ಯಾಸ್ಕೆಲ್ಲೇ. ಮತ್ತೊಂದಕ್ಕೆ ಜ್ವರ ಬಂದು ಮನೆಯಲ್ಲಿ ಮಲಗಿದ್ದ ಸೈನ್ಯದವನು. ನೆಲದ ಮೇಲಿನ ವಿಮಾನ ನೋಡ್ಕೊಳ್ಳೋ ನೆಲದ ಕುರ್ಚಿಗೆ, ಮಧ್ಯಾಹ್ನ ಎರಡರಿಂದ ಆರರವರೆಗೆ, ಎಲ್.ಟಿ.

ಹೋದ ವರ್ಷದ ಫೆಬ್ರವರಿ ಹಾಳೆ ಎದುರಿಗಿಟ್ಕೊಂಡು ನಕಲು ಮಾಡಿದ್ದಾನೆ, ಲಾಯ್ಡ್. ನೀನು ಅಂತ ಅವನಿಗೆ ಹೊಳೆದೇ ಇಲ್ಲ. ನಾನೂ ಬಾಯಿ ಬಿಡಲಿಲ್ಲ.

ಎಮಿಲ್

---

ಫೆಬ್ರವರಿ 15, 1982

ಎಮಿಲ್,

ಎಂಬತ್ತಮೂರು ಜನ! ನಿನ್ನ ಕೈಗಿಷ್ಟು... ಬೇಡ. ಮೂರು ಕಾಗದ ಬರೆದು ಹರಿದೆ. ಬೈಗುಳ ನನಗೇ ಸಾಲದೆ ಬಂತು. ಡೊರೀನ್‌ಳ ತಂಗಿ ಪ್ರತಿ ತಿಂಗಳು ಆ ವಿಮಾನದಲ್ಲೇ ಬರೋದು, ಗೊತ್ತಾ ನಿನಗೆ?

ಆಮೇಲೆ ಎಲ್.ಟಿ. ಅನ್ನೋ ಸಾಲು ಓದಿದೆ. ಓದಿ ನಕ್ಕೆ. ಅಡುಗೆಮನೆಯಲ್ಲಿ ಒಬ್ಬನೇ ಕೂತು ನಕ್ಕೆ, ಡೊರೀನ್ ಹೆದರಿ ಓಡಿಬಂದಳು. ನಗು ನಿಂತ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನನ್ನನ್ನ ಬೀದಿಗೆ ಎಸೆದರು, ನನ್ನ ಹೆಸರನ್ನ ಮಾತ್ರ ಇಟ್ಟುಕೊಂಡು ದುಡಿಸ್ತಿದ್ದಾರೆ! ನನ್ನ ಎರಡಕ್ಷರ ತೋರಿಸಿ ಟೀವಿಯವನ ಕೈಗೆ ಹಾಳೆ ಕೊಡ್ತಿದ್ದಾರೆ! ಅವತ್ತು ಆ ಎಂಬತ್ತಮೂರು ಜನ ಸತ್ತಿದ್ದರೆ ನೆಲದ ಕುರ್ಚಿಯಲ್ಲಿ ಕೂತು ಕೊಂದವನು ನಾನು ಅಂತ ದಾಖಲೆ ಇರ್ತಿತ್ತಲ್ಲೋ, ಥೂ!

ಒಂಬತ್ತನೇ ತಾರೀಕು ಮೂರೂನಲವತ್ತಕ್ಕೆ ನಾನೆಲ್ಲಿದ್ದೆ ಕೇಳು. ಸತ್ತ ಕೋಳಿಯೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತಿದ್ದೆ. ಒಳಗೆ ಹೋದ ಗಂಟೆ, ಹೊರಗೆ ಬಂದ ಗಂಟೆ ಎರಡೂ ಕಾರ್ಖಾನೆಯ ಹಾಜರಿ ಕಾರ್ಡಿನ ಮೇಲೆ ಒತ್ತಿದೆ. ಮೇಸ್ತ್ರಿಯಿಂದ ಈಸ್ಕೊಂಡು ಇಟ್ಟಿದ್ದೀನಿ.

ಈಗ ಕೇಳು. ಮೇ ನಾಲ್ಕಕ್ಕೆ ಜಿಲ್ಲಾ ಕೋರ್ಟಿನ ದೊಡ್ಡ ಹಾಲಿನಲ್ಲಿ ಸಂಸತ್ತಿನ ಸಮಿತಿ ಕೂರುತ್ತೆ, ವಿಮಾನ ಸುರಕ್ಷತೆಯ ವಿಚಾರಣೆಗೆ. ಆ ಹಾಳೆ ತಗೊಂಡು ಹೋಗಿ ಅವರ ಎದುರು ಇಡು. ನೀನು ಮಾಡಿದ ತಪ್ಪನ್ನೂ ಹೇಳು, ಅವನು ಬರೆದ ಸುಳ್ಳನ್ನೂ ಹೇಳು. ನನ್ನ ಬಾಯಿಂದ ಬಂದರೆ ಕೆಲಸ ಹೋದವನ ಹೊಟ್ಟೆಉರಿ ಅಂತಾರೆ. ನೀನು ಒಳಗಿನವನು, ಗಾಜು ಏರಿಸ್ಕೊಂಡು ಒಳಗೆ ಹೋದವನು. ನಿನ್ನ ಮಾತು ನಂಬ್ತಾರೆ.

ಲಾಯ್ಡ್

---

ಮಾರ್ಚ್ 8, 1982

ಲಾಯ್ಡ್,

ಸಹಿ ಹಾಕಿದೆ. ಗಮನ ತಪ್ಪಿತು ಅಂತ. ಎರಡು ವಾರ ಮುಗಿದು ಮತ್ತೆ ಕುರ್ಚಿಯಲ್ಲಿ ಕೂತಿದ್ದೀನಿ.

ಪ್ರಮಾಣ, ಪಿಂಚಣಿ ಅಂತೆಲ್ಲ ಬರೆದಿದ್ದೆನಲ್ಲ, ಅದರಲ್ಲಿ ಸುಳ್ಳಿಲ್ಲ, ಆದರೆ ಅದಲ್ಲ. ಹೆದರಿದೆ. ಆ ಸೋಮವಾರವೂ ಅಷ್ಟೇ, ಈಗಲೂ ಅಷ್ಟೇ. ಗೇಟಿನ ಹತ್ತಿರ ನೀನು ಕೈ ಬೀಸಿದ್ದು ನೋಡಿದೆ. ಗಾಜಿನ ಹಿಂದೆ ಕೂತು ಅತ್ತೆ. ನಿಲ್ಲಿಸಿದರೆ ಇಳಿದುಬಿಡ್ತೀನಿ ಅಂತ ಗೊತ್ತಿತ್ತು, ಅದಕ್ಕೇ ನಿಲ್ಲಿಸಲಿಲ್ಲ.

ಸಮಿತಿಗೆ ಹೋಗಲ್ಲ. ನನ್ನಿಂದ ಆಗಲ್ಲ. ಬೈಯಿ.

ಎಮಿಲ್

---

ಮಾರ್ಚ್ 12, 1982

ಎಮಿಲ್,

ಬೈಯಲ್ಲ. ಬೈಯೋದು ನನ್ನವನಿಗೆ.

ಆ ಕುರ್ಚಿಯಲ್ಲಿ ಇವತ್ತೂ ನನ್ನ ಹೆಸರು ಕೂತಿರುತ್ತೆ. ನೀನು ದಿನಾ ಅದರ ಪಕ್ಕ ಕೂತು ಊಟ ಮಾಡು.

ಲಾಯ್ಡ್ ಟಿಂಡಲ್

---

ಏಪ್ರಿಲ್ 18, 1982

ಲಾಯ್ಡ್,

ಟವರಿನ ಕೆಳಗಿನ ಹಜಾರದಲ್ಲಿ ಒಂದು ಫಲಕ ತಂದು ತೂಗುಹಾಕಿದ್ದಾರೆ. 'ಪೂರ್ಣ ಸಿಬ್ಬಂದಿ, ಪೂರ್ಣ ಸುರಕ್ಷತೆ.' ವಿಲ್ಕಾಕ್ಸ್ ಫೀಲ್ಡ್ ಮಾದರಿ ಟವರಂತೆ. ಹ್ಯಾಸ್ಕೆಲ್ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ, ನನ್ನನ್ನೂ ಪಕ್ಕಕ್ಕೆ ಎಳ್ಕೊಂಡ. ನಕ್ಕೆ. ಪೇಪರಿನಲ್ಲಿ ನೋಡಿರ್ತೀಯ.

ಅಷ್ಟೇ ಆಗಿದ್ದರೆ ನುಂಗಿಕೊಳ್ತಿದ್ದೆನೇನೋ. ಗುರುವಾರ ಸಭೆ ಕರೆದ. ಮೇ ಹದಿನೈದರಿಂದ ಮಧ್ಯಾಹ್ನದ ಪಾಳಿಗೆ ಇನ್ನೂ ಐದು ವಿಮಾನ ಸೇರಿಸ್ತಾರಂತೆ. ನಮ್ಮ ಕಡೆಯ ಸಂಸದರು ಓಡಾಡಿ ತಂದದ್ದಂತೆ, ಚುನಾವಣೆ ಬರ್ತಿದೆ. 'ಜನ ಎಲ್ಲಿದ್ದಾರೆ ಸಾರ್?' ಅಂದೆ. 'ಯಾಕೆ, ಪಾಳಿಗೆ ನಾಲ್ಕು ಜನ ಇದ್ದೀರಲ್ಲ, ಹಾಳೆ ನೋಡಿಯೇ ಕೊಟ್ಟದ್ದು ಅವರು' ಅಂದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ತಾನೇ ಬರೆದ ಸುಳ್ಳನ್ನ ತಾನೇ ನಂಬಿಬಿಟ್ಟಿದ್ದಾನೆ.

ಸಭೆ ಮುಗಿಸಿ ಮೇಲೆ ಹೋಗಿ ಕೂತೆ. ಮೈಯೆಲ್ಲ ಉರೀತಿತ್ತು. ಹೆದರಿಕೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ಹ್ಯಾಸ್ಕೆಲ್ ಮೇಲೆ ಎಷ್ಟು ಸಿಟ್ಟು ಬಂತೋ ಅದಕ್ಕಿಂತ ಜಾಸ್ತಿ ನನ್ನ ಮೇಲೆ ಬಂತು. ಫೆಬ್ರವರಿಯಲ್ಲಿ ನಾನು ಬಾಯಿ ಬಿಟ್ಟಿದ್ದರೆ ಈ ಐದು ಬರ್ತಿರಲಿಲ್ಲ. ಇನ್ನೊಂದು ಸಲ ನೂರು ಅಡಿ ಸಿಗಲ್ಲ ಲಾಯ್ಡ್, ನನಗೂ ಗೊತ್ತು, ನಿನಗೂ ಗೊತ್ತು.

ಶುಕ್ರವಾರ ಅವನು ರಜದಲ್ಲಿದ್ದ. ಹಾಳೆಗಳ ಕಡತ ಕೆಳಗಿನ ಬೀರುವಿನಲ್ಲಿರುತ್ತೆ. ನಮ್ಮ ಗುಮಾಸ್ತೆ ಮಾರ್ಜರಿ ನಕಲು ಯಂತ್ರಕ್ಕೆ ತಾನೇ ಕಾಗದ ತುಂಬಿಸಿಕೊಟ್ಟು, 'ನಾನು ಊಟಕ್ಕೆ ಹೋಗ್ತೀನಿ, ನಾನೇನೂ ನೋಡಿಲ್ಲ' ಅಂದಳು. ಬಾಗಿಲ ಹತ್ತಿರ ತಿರುಗಿ, 'ಮಾರ್ಚ್ ತಿಂಗಳದ್ದೂ ತಗೊಳ್ಳಿ, ಅದರಲ್ಲಿ ಎಲ್.ಟಿ. ಇನ್ನೂ ಒಂಬತ್ತು ದಿನ ಕೆಲಸ ಮಾಡಿದ್ದಾರೆ' ಅಂದಳು.

ಮೇ ನಾಲ್ಕಕ್ಕೆ ಹೋಗ್ತೀನಿ. ಹೆಸರು ಕೊಟ್ಟಿದ್ದೀನಿ. ರೋಸ್‌ಮೇರಿಗೆ ಹೇಳಿದೆ. ಅವಳು ಎದ್ದು ಹೋಗಿ ನನ್ನ ಕೋಟಿಗೆ ಗುಂಡಿ ಹಾಕೋಕೆ ಕೂತಳು.

ನೀನು ಬರ್ತೀಯಾ?

ಎಮಿಲ್

---

ಮೇ 10, 1982

ಲಾಯ್ಡ್,

ನಡೆದದ್ದು ನಿನಗೆ ಗೊತ್ತು. ಆದರೆ ನೀನು ನನ್ನ ಮುಖ ನೋಡಲಿಲ್ಲ, ಅದಕ್ಕೇ ನನ್ನ ಕುರ್ಚಿಯಿಂದ ಹೇಗಿತ್ತು ಅಂತ ಬರೀತಿದ್ದೀನಿ.

ಕಾಗದಕ್ಕೆ ಉತ್ತರ ಬರಲಿಲ್ಲ. ಒಳಗೆ ಬರೋವಾಗ ಬೆಂಚುಗಳ ಮೇಲೆಲ್ಲ ಕಣ್ಣಾಡಿಸಿದೆ, ನೀನಿರಲಿಲ್ಲ. ಹ್ಯಾಸ್ಕೆಲ್ ಮೊದಲನೇ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನನ್ನ ಹೆಸರು ಕರೆದರು. ಮೇಜಿನ ಎದುರು ಒಂಟಿ ಕುರ್ಚಿ. ಕೂತಾಗ ಫೆಬ್ರವರಿಯ ಆ ಮಧ್ಯಾಹ್ನವೇ ಮತ್ತೆ ಬಂದ ಹಾಗಾಯ್ತು. ನನ್ನ ತಪ್ಪು ಹೇಳೋಕೆ ಶುರು ಮಾಡಿದೆ, ಮೂರನೇ ವಾಕ್ಯಕ್ಕೆ ನಿಂತುಬಿಟ್ಟೆ. ಅಧ್ಯಕ್ಷತೆ ವಹಿಸಿದ ಮುದುಕ ಕನ್ನಡಕದ ಮೇಲಿಂದ ನೋಡಿ, 'ಮುಂದೆ ಹೇಳ್ತೀರೋ, ಇಲ್ಲ ಇಷ್ಟೇನೋ?' ಅಂದ.

ಆಗ ಕುರ್ಚಿ ಹಿಂದೆ ಯಾರೋ ಬಂದು ನಿಂತರು. ಕುರ್ಚಿಯ ಮೇಲೆ ಕೈ ಬಿತ್ತು. ಪೊಲೀಸಿನವನು 'ಸ್ವಾಮಿ, ಕೂತ್ಕೊಳ್ಳಿ' ಅಂದ. 'ಎರಡು ನಿಮಿಷ' ಅನ್ನೋ ದನಿ ಕೇಳಿಸಿತು. ಆ ದನಿ ನಾನು ಒಂಬತ್ತು ತಿಂಗಳಿಂದ ಕೇಳಿರಲಿಲ್ಲ. ಕೋಳಿ ಕಾರ್ಖಾನೆಯ ವಾಸನೆ ಬಂತು. ನಾನು ತಿರುಗಲಿಲ್ಲ. ಬೆನ್ನ ಹಿಂದೆ ನಿಂತವನನ್ನ ತಿರುಗಿ ನೋಡಬಾರದು, ಕಣ್ಣು ಮುಂದೆಯೇ ಇರಬೇಕು, ಅದೂ ನಮ್ಮ ಪದ್ಧತಿಯೇ.

ಆಮೇಲೆ ಮಾತು ನಿಲ್ಲಲಿಲ್ಲ. ನೆಟ್ಟಗಿದ್ದ ಪಟ್ಟಿ, ಫೋನು, ಎಂಬತ್ತಮೂರು ಜನ, 'ಅಧಿಕೃತವಾಗಿ ಎಷ್ಟು', ಎಲ್ಲ ಹೇಳಿದೆ. ಹಾಳೆ ಎದುರಿಗಿಟ್ಟೆ. ಮುದುಕ ಓದಿ, 'ಇದರಲ್ಲಿ ನೆಲದ ಕುರ್ಚಿಗೆ ಎಲ್.ಟಿ. ಅಂತ ಇದೆ. ಅವರು ಅಲ್ಲೇ ಇದ್ದರಲ್ಲ, ಅವರನ್ನೇ ಕರೆಸಿ ಕೇಳೋಣವೇ? ಈಗೆಲ್ಲಿದ್ದಾರೆ ಅವರು?' ಅಂದ.

'ನನ್ನ ಬೆನ್ನ ಹಿಂದೆ ನಿಂತಿದ್ದಾರೆ' ಅಂದೆ.

ನೀನು ಹಾಜರಿ ಕಾರ್ಡನ್ನ ನನ್ನ ಹೆಗಲ ಮೇಲಿಂದ ಚಾಚಿ ಮೇಜಿನ ಮೇಲಿಟ್ಟು, 'ಅವತ್ತು ಮಧ್ಯಾಹ್ನ ನಾನು ಮೂರು ಸಾವಿರ ಕೋಳಿ ಸೀಳಿದ್ದೀನಿ ಸ್ವಾಮಿ, ಒಂದು ವಿಮಾನಾನೂ ನೋಡಿಲ್ಲ' ಅಂದೆಯಲ್ಲ, ಆಗ ಹಾಲಿನಲ್ಲಿ ನಕ್ಕವರನ್ನ ನಾನು ನೋಡಲಿಲ್ಲ. ಹ್ಯಾಸ್ಕೆಲ್‌ನನ್ನ ನೋಡ್ತಿದ್ದೆ. ಕಾಲು ಕೆಳಗಿಳಿಸಿದ್ದ.

ತಿರುಗಿದಾಗ ನೀನಿರಲಿಲ್ಲ. ಮೆಟ್ಟಿಲವರೆಗೂ ಓಡಿಬಂದೆ. ಕೈ ಕುಲುಕೋಕಾದರೂ ನಿಲ್ಲಬಾರದಿತ್ತಾ?

ಐದು ವಿಮಾನ ತಡೆಹಿಡಿದಿದ್ದಾರೆ, ಟವರಿಗೇ ಬಂದು ಜನರ ತಲೆ ಎಣಿಸಿ ನೋಡಿದ ಮೇಲೇ ಬಿಡೋದಂತೆ. ಹ್ಯಾಸ್ಕೆಲ್‌ನನ್ನ ಮೇಲಿನ ಕಚೇರಿಗೆ ಕಳಿಸಿದ್ದಾರೆ, ಬಡ್ತಿ ಕೊಟ್ಟು. ನನ್ನನ್ನ ಶನಿವಾರ ತೆಗೆದರು, ಸರ್ಕಾರದ ಕಾಗದ ಕದ್ದದ್ದಕ್ಕೆ. ಒಂದೇ ಪುಟ.

ಎಮಿಲ್

---

ಮೇ 13, 1982

ಎಮಿಲ್,

ಬಡ್ತಿನಾ! ಅವನ ಮನೆ ಹಾಳಾಗ. ಡೊರೀನ್ ತಟ್ಟೆ ಒಡೆದಳು, ಈ ಸಲ ನಾನಲ್ಲ.

ಕೈ ಕುಲುಕಲಿಲ್ಲ ಅಂತ ಕೇಳ್ತೀಯಲ್ಲ, ಯಾಕೆ ಕುಲುಕಬೇಕು? ನಿನ್ನನ್ನ ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡ. ಆ ಸೋಮವಾರ ನನ್ನ ಎದೆಯಲ್ಲಿ ಹಾಗೇ ಕೂತಿದೆ. ಇಪ್ಪತ್ತೆರಡು ಜನವೂ ಹೊರಗೆ ನಿಂತಿದ್ದರೆ ಏನಾಗ್ತಿತ್ತೋ ಅಂತ ಕೋಳಿ ಸೀಳ್ತಾ ಸೀಳ್ತಾ ದಿನಾ ಲೆಕ್ಕ ಹಾಕ್ತೀನಿ. ಏನೂ ಆಗ್ತಿರಲಿಲ್ಲವೇನೋ. ಆದರೆ ನೀನು ನನ್ನ ಪಕ್ಕ ಇರ್ತಿದ್ದೆ.

ಎರಡು ನಿಮಿಷ ಆಗಿತ್ತು, ಹೊರಟೆ. ಅಷ್ಟೇ. ನಿನ್ನ ತಲೆಗೆ ಎಲ್ಲ ಕೂತಿತ್ತು, ಇನ್ನು ನನ್ನ ಅಗತ್ಯ ಇರಲಿಲ್ಲ.

ಮೇಸ್ತ್ರಿಗೆ ನಿನ್ನ ವಿಷಯ ಹೇಳಿದ್ದೀನಿ. ನನ್ನ ಸಾಲಿನಲ್ಲಿ ಪಕ್ಕದವನು ಬಿಟ್ಟುಹೋಗಿದ್ದಾನೆ, ಜಾಗ ಖಾಲಿ ಇದೆ. 'ನಲವತ್ತೆಂಟು ವರ್ಷದವನು ತಡ್ಕೋತಾನಾ?' ಅಂದ. 'ಅವನು ಒಬ್ಬನೇ ನಾಲ್ಕು ಜನರ ಕೆಲಸ ಮಾಡ್ತಾನೆ, ಸರ್ಕಾರದ ಹಾಳೆಯೇ ಇದೆ' ಅಂದೆ. ಚಾಕು ಹಿಡಿಯೋಕೆ ಬರಲ್ಲ ಅನ್ನಬೇಡ, ಕಲಿಸ್ತೀನಿ. ಮೊದಲ ವಾರ ವಾಂತಿ ಬರುತ್ತೆ, ತಿಂದು ಬರಬೇಡ.

ಸೋಮವಾರ ಬೆಳಿಗ್ಗೆ ಐದೂವರೆಗೆ ನಿನ್ನ ಗೇಟಿನ ಹತ್ತಿರ ಕಾರು ನಿಲ್ಲಿಸ್ತೀನಿ. ಫ್ಲಾಸ್ಕ್ ನೀನು ತಾ, ಈ ಸಲ ನಿನ್ನ ಕಾಫಿ. ದಾರಿಯಲ್ಲಿ ನಾನು ಮಾತಾಡಲ್ಲ, ಮಾತಾಡಿಸೋಕೂ ಬರಬೇಡ. ಆದರೆ ಕಾರು ಹತ್ತಿದ ಮೇಲೆ ನಿನ್ನ ಕಡೆಯ ಕಿಟಕಿ ಗಾಜು ಪೂರ್ತಿ ಇಳಿಸ್ಕೊಂಡು ಕೂರಬೇಕು, ಎಷ್ಟೇ ಚಳಿ ಇರಲಿ.

ಎಲ್.ಟಿ.